ಸಿಂಥ್ ಪವರ್ ಸಪ್ಲೈಗೆ ಟ್ರಾನ್ಸ್‌ಫಾರ್ಮರ್: ತುಮಕೂರಲ್ಲಿ ಸಿಗುವುದರಲ್ಲಿ ಯಾವುದು ತರಬಹುದು, ಯಾವುದು ಬೇಡ

ಪ್ಲಸ್-ಮೈನಸ್ 12 ವೋಲ್ಟ್‌ನ ಸಿಂಥಸೈಸರ್‌ಗೆ (ಮಾಡ್ಯೂಲ್‌ಗಳನ್ನು ಜೋಡಿಸಿ ಕಟ್ಟುವ ಎಲೆಕ್ಟ್ರಾನಿಕ್ ವಾದ್ಯ) 12-0-12, ಅಂದರೆ ನಡುವಿನ ತಂತಿಯ ಎರಡೂ ಬದಿಗೆ 12 ವೋಲ್ಟ್ ಎಸಿ ಕೊಡುವ, ಟ್ರಾನ್ಸ್‌ಫಾರ್ಮರ್ ತರಬೇಡಿ. ತುಮಕೂರಿನ ಎಂ.ಜಿ. ರಸ್ತೆ ಕಡೆ ಯಾವ ಬಿಡಿಭಾಗದ ಅಂಗಡಿಗೆ ಹೋಗಿ ಟ್ರಾನ್ಸ್‌ಫಾರ್ಮರ್ ಅಂದರೂ ಮೊದಲು ಕೌಂಟರ್ ಮೇಲೆ ಬಂದು ಕೂರುವುದು ಅದೇ. 4440 ಐಸಿ ಹಾಕಿದ ಅಸೆಂಬಲ್ ಆಂಪ್ಲಿಫೈಯರ್‌ಗಳಿಗೆ ಎಲ್ಲರೂ ಕೊಳ್ಳುವುದು ಅದನ್ನೇ, ಹಾಗಾಗಿ ಸ್ಟಾಕ್ ಇರುವುದೂ ಅದೇ. ಅಂಗಡಿಯವರ ತಪ್ಪಿಲ್ಲ. 12 ವೋಲ್ಟ್ ಬೇಕು ಅಂದರೆ ಅವರು 12 ವೋಲ್ಟ್‌ನದು ಕೊಡುತ್ತಾರೆ. ಕೇಳಬೇಕಾದದ್ದು 15-0-15. ಹಳೇ ಕಾಲದ ಪ್ಲಸ್-ಮೈನಸ್ 15 ವೋಲ್ಟ್ ಮಾಡ್ಯುಲರ್ ಕಟ್ಟುವವರು ಕೇಳಬೇಕಾದದ್ದು 18-0-18.

ಯಾಕೆ ಅನ್ನುವುದಕ್ಕೆ ಲೆಕ್ಕ ಸಣ್ಣದು, ಒಮ್ಮೆ ಮಾಡಿಟ್ಟುಕೊಂಡರೆ ಅಂಗಡಿಯಲ್ಲಿ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಟ್ರಾನ್ಸ್‌ಫಾರ್ಮರ್‌ನ ಎಸಿ ವೋಲ್ಟೇಜನ್ನು 1.414ರಿಂದ ಗುಣಿಸಿದರೆ ಪೀಕ್. ಸೆಂಟರ್ ಟ್ಯಾಪನ್ನು (ನಡುವಿನ ತಂತಿ) ಗ್ರೌಂಡ್‌ಗೆ ಕೊಟ್ಟು ಒಂದೇ ಬ್ರಿಡ್ಜ್‌ನಿಂದ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಜೋಡಣೆ) ಎರಡು ರೈಲ್, ಅಂದರೆ ಪ್ಲಸ್ ಮತ್ತು ಮೈನಸ್ ಡಿಸಿ ಸಾಲು, ತೆಗೆದಾಗ ಪ್ರತಿ ರೈಲ್‌ಗೂ ಒಂದು ಡಯೋಡ್ ಮಾತ್ರ ಅಡ್ಡ ಬರುತ್ತದೆ, ಅದಕ್ಕೆ 0.9 ವೋಲ್ಟ್ ಕಳೆಯಿರಿ. ಆಮೇಲೆ ರಿಪಲ್, ಅಂದರೆ ಡಿಸಿಯಲ್ಲಿ ಉಳಿಯುವ ಏರಿಳಿತ. ನಮ್ಮ ಕರೆಂಟ್ 50 ಹರ್ಟ್ಸ್, ಫುಲ್ ವೇವ್ ಆದಮೇಲೆ 100 ಹರ್ಟ್ಸ್, ಎರಡು ಪೀಕ್‌ಗಳ ನಡುವೆ ಕೆಪಾಸಿಟರ್ ಒಂಟಿಯಾಗಿ ಭಾರ ಹೊರುವ ಸಮಯ ಸುಮಾರು 8 ಮಿಲಿಸೆಕೆಂಡ್. 0.6 ಆಂಪಿಯರ್ ಎಳೆದರೆ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೇಲೆ ಒಂದು ವೋಲ್ಟ್ ಇಳಿಯುತ್ತದೆ. ಉಳಿದದ್ದು ರಿಪಲ್‌ನ ತಳ. ಈ ತಳ 7812ಕ್ಕೆ (12 ವೋಲ್ಟ್ ಸ್ಥಿರವಾಗಿ ಕೊಡುವ ರೆಗ್ಯುಲೇಟರ್ ಐಸಿ) 14 ವೋಲ್ಟ್‌ಗಿಂತ ಕೆಳಗೆ ಹೋಗಬಾರದು. ಸ್ವಲ್ಪ ಉಸಿರಾಡಲು ಜಾಗ ಬೇಕೆಂದರೆ 14.5 ಇಟ್ಟುಕೊಳ್ಳಿ.

12-0-12ಕ್ಕೆ ಹಾಕಿ ನೋಡಿ. ಪೀಕ್ 17, ತಳ 15.1. 230 ವೋಲ್ಟ್ ಬರುತ್ತಿದ್ದರೆ ಹೇಗೋ ದಾಟುತ್ತದೆ. ಮೇನ್ಸ್ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದು 207 ಆದರೆ ತಳ 13.4, ಅಲ್ಲಿಗೆ ರೆಗ್ಯುಲೇಟರ್ ಕೈ ಚೆಲ್ಲಿತು. ಮಧುಗಿರಿ, ಕೊರಟಗೆರೆ, ಶಿರಾ ಕಡೆಯ ಹಳ್ಳಿಗಳಲ್ಲಿ, ಅದರಲ್ಲೂ ಲೈನಿನ ಕೊನೆಯ ಮನೆಗಳಲ್ಲಿ, ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್‌ಗಳು ಒಟ್ಟಿಗೆ ಓಡುವ ಹೊತ್ತಿಗೆ 207 ಅನ್ನುವುದು ದೊಡ್ಡ ಇಳಿತವೇನಲ್ಲ. 195ಕ್ಕೆ ಲೆಕ್ಕ ಹಾಕಿಕೊಳ್ಳುವುದು ಕ್ಷೇಮ. 195ರಲ್ಲಿ 15-0-15 ಕೊಡುವ ತಳ 16.1, ಇನ್ನೂ ಒಂದೂವರೆ ವೋಲ್ಟ್ ಉಳಿಕೆ. ಅದೇ 15-0-15ನ್ನು ಪ್ಲಸ್-ಮೈನಸ್ 15 ತೆಗೆಯಲು ಬಳಸಿದರೆ 7815ಕ್ಕೆ ಬೇಕಾದ 17.5 ಸಿಗುವುದಿಲ್ಲ, 207ರಲ್ಲೇ ತಳ 17.2 ಆಗಿರುತ್ತದೆ. 18-0-18 ಆದರೆ 195ರಲ್ಲೂ 19.7.

ಹಾಗಾದರೆ 12-0-12 ಹಾಕಿಕೊಂಡವರು ನಮ್ಮದು ಚೆನ್ನಾಗಿಯೇ ಓಡುತ್ತಿದೆ ಅನ್ನುತ್ತಾರಲ್ಲ? ಓಡುತ್ತದೆ, ಮಾಡ್ಯೂಲ್ ಕಡಿಮೆ ಇರುವವರೆಗೆ. ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ಲೋಡ್ ಇಲ್ಲದ ವೋಲ್ಟೇಜ್ ಬರೆದದ್ದಕ್ಕಿಂತ 10ರಿಂದ 20 ಪರ್ಸೆಂಟ್ ಜಾಸ್ತಿ ಇರುತ್ತದೆ. 150 ಮಿಲಿಆಂಪಿಯರ್ ಎಳೆಯುವ ಒಂದು ಆಸಿಲೇಟರ್, ಒಂದು ಫಿಲ್ಟರ್ ಇದ್ದಾಗ ಸೆಕೆಂಡರಿ (ಕಡಿಮೆ ವೋಲ್ಟೇಜ್ ಕೊಡುವ ಸುತ್ತು) 13 ವೋಲ್ಟ್‌ನ ಮೇಲೆಯೇ ನಿಂತಿರುತ್ತದೆ, ರಿಪಲ್ ಕಾಲು ವೋಲ್ಟ್ ಇದ್ದರೆ ಹೆಚ್ಚು. ಎಂಟನೇ ಮಾಡ್ಯೂಲ್ ಸೇರಿಸಿದ ದಿನ ಗುಂಯ್ ಶುರು. ಆಗ ಜನ ಆ ಎಂಟನೇ ಮಾಡ್ಯೂಲನ್ನು ಬಿಚ್ಚಿ ರಿಪೇರಿಗೆ ಕೂರುತ್ತಾರೆ.

ಇನ್ನೂ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು 12 ವೋಲ್ಟ್ ರೈಲ್‌ಗೆ 18-0-18 ಹಾಕುವುದೂ ಸರಿಯಲ್ಲ. 0.6 ಆಂಪಿಯರ್‌ಗೆ 15-0-15ನಲ್ಲಿ ಪ್ರತಿ ರೆಗ್ಯುಲೇಟರ್ ಸುಡುವುದು ಸುಮಾರು 4.7 ವ್ಯಾಟ್, 18-0-18ನಲ್ಲಿ 7.2 ವ್ಯಾಟ್. ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಆ ಎರಡೂವರೆ ವ್ಯಾಟ್ ವ್ಯತ್ಯಾಸ ಆಸಿಲೇಟರ್‌ನ ಶ್ರುತಿಯನ್ನೇ ಅಲ್ಲಾಡಿಸುತ್ತದೆ. ಮೇಲುಗಡೆಯ ಮಿತಿಯೂ ಇದೆ. ಮೇನ್ಸ್ ವೋಲ್ಟೇಜ್ 253ಕ್ಕೆ ಏರಿ ಲೋಡ್ ಇಲ್ಲದಿದ್ದರೆ 18-0-18ರ ಪೀಕ್ 32 ವೋಲ್ಟ್ ದಾಟಬಹುದು. 78 ಸರಣಿಯ 12, 15 ವೋಲ್ಟ್ ಐಸಿಗಳು ತಡೆಯುವುದು 35. ಹಾಗಾಗಿ 18-0-18 ಹಾಕುವವರು ಫಿಲ್ಟರ್ ಕೆಪಾಸಿಟರ್ 50 ವೋಲ್ಟ್‌ನದೇ ತನ್ನಿ, 35ರದ್ದು ಬೇಡ.

ಆಂಪಿಯರ್ ವಿಷಯಕ್ಕೆ ಬಂದರೆ ಮೋಸ ಅಂಗಡಿಯದಲ್ಲ, ಲೆಕ್ಕದ್ದು. ಲೇಬಲ್ ಮೇಲಿರುವ 1 ಆಂಪಿಯರ್ ಎಸಿಯದು. ಬ್ರಿಡ್ಜ್ ಮತ್ತು ಕೆಪಾಸಿಟರ್ ಮುಂದೆ ಟ್ರಾನ್ಸ್‌ಫಾರ್ಮರ್ ಕರೆಂಟನ್ನು ಪೀಕ್ ಹತ್ತಿರ ಮಾತ್ರ, ಚಿಕ್ಕ ಚಿಕ್ಕ ಎತ್ತರದ ಹೊಡೆತಗಳಲ್ಲಿ ಕೊಡಬೇಕಾಗುತ್ತದೆ. ವೈಂಡಿಂಗ್ ಬಿಸಿಯಾಗುವುದು ಆ ಹೊಡೆತಗಳ ಆರ್‌ಎಂಎಸ್ ಮೌಲ್ಯಕ್ಕೆ. ಆದ್ದರಿಂದ ಲೇಬಲ್ ಆಂಪಿಯರ್‌ನ ಸುಮಾರು 0.6 ಪಾಲು ಮಾತ್ರ ಡಿಸಿಯಾಗಿ ನಿಮ್ಮದು. 15-0-15, 1 ಆಂಪಿಯರ್ ಅಂದರೆ ಪ್ರತಿ ರೈಲ್‌ಗೆ 600 ಮಿಲಿಆಂಪಿಯರ್. 2 ಆಂಪಿಯರ್ ಅಂದರೆ 1.2. ಎರಡು ಆಸಿಲೇಟರ್, ಒಂದು ಫಿಲ್ಟರ್, ವಿಸಿಎ (ದನಿಯ ಮಟ್ಟ ಏರಿಳಿಸುವುದು), ಎರಡು ಎನ್ವಲಪ್, ಎಲ್‌ಎಫ್‌ಒ (ನಿಧಾನ ಆಸಿಲೇಟರ್), ಮಿಕ್ಸರ್ ಇರುವ ಒಂದು ದನಿಯ ಅನಲಾಗ್ ಸಿಂಥ್ ಪ್ಲಸ್ ರೈಲ್‌ನಲ್ಲಿ 200ರಿಂದ 300 ಮಿಲಿಆಂಪಿಯರ್‌ನಲ್ಲಿ ಮುಗಿಯುತ್ತದೆ, ಮೈನಸ್‌ನಲ್ಲಿ ಇನ್ನಷ್ಟು ಕಡಿಮೆ. ಡಿಜಿಟಲ್ ಮಾಡ್ಯೂಲ್‌ಗಳು ಬಂದರೆ ಲೆಕ್ಕ ಬೇರೆ, ಒಂದೊಂದೇ ನೂರು ನೂರೈವತ್ತು ಎಳೆಯುತ್ತವೆ. ಬೆಳೆಸುವ ಆಸೆ ಎಲ್ಲರಿಗೂ ಇರುತ್ತದೆ, ಅದಕ್ಕೇ 2 ಆಂಪಿಯರ್‌ನದಕ್ಕೆ ನಮ್ಮ ಮತ.

ಇನ್ನು ಸಿಗುವ ಸರಕು.

ರೆಡಿಮೇಡ್ ಇ-ಐ ಟ್ರಾನ್ಸ್‌ಫಾರ್ಮರ್ (ಇ ಮತ್ತು ಐ ಆಕಾರದ ತಗಡುಗಳ ಕೋರ್‌ನದು), ಹಳದಿ ಟೇಪ್ ಸುತ್ತಿ ಎರಡು ಕಿವಿಯಿರುವ ತಗಡಿನ ಪಟ್ಟಿ ಹಾಕಿದ್ದು, ಎಲ್ಲ ಕಡೆ ಸಿಗುತ್ತದೆ. ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ, ಹೊರಗಿನಿಂದ ಎರಡೂ ಒಂದೇ. ಮೊದಲು ತೂಕ ನೋಡಿ. 30 ವಿಎ, ಅಂದರೆ 15-0-15 1 ಆಂಪಿಯರ್, ಅರ್ಧ ಕೆಜಿಯಾದರೂ ತೂಗಬೇಕು. 2 ಆಂಪಿಯರ್‌ನದು ಒಂದು ಕೆಜಿ ಆಸುಪಾಸು. ಇನ್ನೂರು ಚಿಲ್ಲರೆ ಗ್ರಾಂ ಇದ್ದುಕೊಂಡು 1 ಆಂಪಿಯರ್ ಅಂತ ಲೇಬಲ್ ಹೊತ್ತದ್ದನ್ನು ಅಲ್ಲೇ ಬಿಟ್ಟು ಬನ್ನಿ. ಎರಡನೆಯದು ತಂತಿ. ಅಗ್ಗದವುಗಳಲ್ಲಿ ಅಲ್ಯೂಮಿನಿಯಂ ಸುತ್ತಿರುತ್ತಾರೆ. ಅದರ ರೋಧ ತಾಮ್ರದ್ದಕ್ಕಿಂತ ಸುಮಾರು 1.6 ಪಟ್ಟು, ಜೊತೆಗೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಸೆಕೆಂಡರಿ ತುದಿ ಟ್ಯಾಗ್‌ಗೆ ಬೆಸೆದ ಕಡೆ ಬ್ಲೇಡ್‌ನಿಂದ ಎನಾಮಲ್ ಸ್ವಲ್ಪ ಕೆರೆದರೆ ಬಣ್ಣವೇ ಹೇಳುತ್ತದೆ. ಕೆಂಪಾದರೆ ತಾಮ್ರ, ಬಿಳಿಯಾದರೆ ಅಲ್ಯೂಮಿನಿಯಂ. ತಾಮ್ರಲೇಪದ ಅಲ್ಯೂಮಿನಿಯಂ ತಂತಿಯೂ ಬರುತ್ತದೆ, ಅದಕ್ಕೆ ಸ್ವಲ್ಪ ಆಳವಾಗಿಯೇ ಕೆರೆಯಿರಿ. ಅಂಗಡಿಯವರು ಬೇಡ ಅಂದರೆ ಅದೂ ಒಂದು ಉತ್ತರವೇ.

ಬಾಬಿನ್ (ತಂತಿ ಸುತ್ತುವ ಅಚ್ಚು) ಕೂಡ ನೋಡಬೇಕು. ಪ್ರೈಮರಿ (ಮೇನ್ಸ್ ಕಡೆಯ ಸುತ್ತು) ಮೇಲೆಯೇ ಸೆಕೆಂಡರಿ ಸುತ್ತಿದ್ದು ಒಂದು ಬಗೆ. ಬಾಬಿನ್ ಮಧ್ಯೆ ಗೋಡೆಯಿದ್ದು ಒಂದು ಕೋಣೆಯಲ್ಲಿ ಪ್ರೈಮರಿ, ಇನ್ನೊಂದರಲ್ಲಿ ಸೆಕೆಂಡರಿ ಇರುವುದು ಇನ್ನೊಂದು. ಸಿಂಥ್‌ಗೆ ಎರಡನೆಯದೇ ಬೇಕು. ಎರಡು ವೈಂಡಿಂಗ್ ನಡುವಿನ ಕೆಪಾಸಿಟೆನ್ಸ್ ಬಹಳ ಕಡಿಮೆ ಇರುವುದರಿಂದ ಮಿಕ್ಸಿ, ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬ್‌ಗಳ ಚಿಟಿಚಿಟಿ ಒಳಗೆ ನುಸುಳುವುದು ಕಮ್ಮಿ. ಇನ್ಸುಲೇಷನ್ ಸುಟ್ಟರೂ 230 ವೋಲ್ಟ್ ನಿಮ್ಮ ಪ್ಯಾಚ್ ಕಾರ್ಡ್‌ವರೆಗೆ ಬರುವುದು ಕಷ್ಟ.

ಮನೆಗೆ ತಂದಮೇಲೆ ಎರಡು ಪರೀಕ್ಷೆ. ಸೆಕೆಂಡರಿಗೆ ಏನೂ ಕೊಡದೆ ಒಂದು ಗಂಟೆ ಪ್ಲಗ್‌ನಲ್ಲಿಡಿ. ಉಗುರು ಬೆಚ್ಚಗಾಗಬೇಕು, ಅಷ್ಟೇ. ಲೋಡ್ ಇಲ್ಲದೆಯೇ ಕೈ ಇಡಲಾಗದಷ್ಟು ಬಿಸಿಯಾದರೆ ತಂತಿ ಉಳಿಸಲು ಸುತ್ತು ಕಡಿಮೆ ಮಾಡಿದ್ದಾರೆ, ಕೋರ್ ಸ್ಯಾಚುರೇಟ್ ಆಗುತ್ತಿದೆ ಅಂತ ಅರ್ಥ. ಅಂಥದ್ದರ ಸುತ್ತ ಸೋರುವ ಕಾಂತಕ್ಷೇತ್ರವೂ ಜಾಸ್ತಿ, ಹಾಗಾಗಿ ಸಿಂಥ್ ಪೆಟ್ಟಿಗೆಯೊಳಗೆ ಅದಕ್ಕೆ ಜಾಗವಿಲ್ಲ. ಎರಡನೆಯದು ಲೋಡ್ ಪರೀಕ್ಷೆ. ದೊಡ್ಡ ವ್ಯಾಟ್‌ನ ರೆಸಿಸ್ಟರ್ ಹುಡುಕಿಕೊಂಡು ಹೋಗುವುದು ಬೇಡ, ಬೈಕ್ ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್ 10 ವ್ಯಾಟ್ ಬಲ್ಬ್ ಮೂರು ತಂದು ಸರಣಿಯಲ್ಲಿ ಜೋಡಿಸಿ 15-0-15ರ ಎರಡು ತುದಿಗಳಿಗೆ, ಅಂದರೆ 30 ವೋಲ್ಟ್‌ಗೆ, ಕೊಡಿ. ಸುಮಾರು ಮುಕ್ಕಾಲು ಆಂಪಿಯರ್ ಹರಿಯುತ್ತದೆ. 2 ಆಂಪಿಯರ್‌ನದಕ್ಕೆ ಇಂಥ ಎರಡು ಸಾಲು ಪಕ್ಕಪಕ್ಕ ಹಾಕಿ, ಒಂದೂವರೆ ಆಗುತ್ತದೆ.

ಹಚ್ಚುವ ಮೊದಲು ಪ್ರೈಮರಿಯ ರೋಧ ಬರೆದಿಟ್ಟುಕೊಳ್ಳಿ. ಎರಡು ಗಂಟೆ ಬಿಟ್ಟು, ಪ್ಲಗ್ ಕಿತ್ತ ಕೂಡಲೇ ಮತ್ತೆ ಅಳೆಯಿರಿ. ತಾಮ್ರದ ರೋಧ ಡಿಗ್ರಿಗೆ 0.39 ಪರ್ಸೆಂಟ್‌ನಂತೆ ಏರುವುದರಿಂದ ವೈಂಡಿಂಗ್ ಒಳಗಿನ ಬಿಸಿ ಇದರಿಂದಲೇ ಗೊತ್ತಾಗುತ್ತದೆ. 30 ಡಿಗ್ರಿಯ ಕೋಣೆಯಲ್ಲಿ 80 ಓಮ್ ಇದ್ದದ್ದು 96 ಆಯಿತು ಅಂದರೆ ವೈಂಡಿಂಗ್ 53 ಡಿಗ್ರಿ ಏರಿ 83ಕ್ಕೆ ಬಂದಿದೆ. ಕ್ಲಾಸ್ ಎ ಇನ್ಸುಲೇಷನ್‌ನ ಮಿತಿ 105, ಇದು ಪರವಾಗಿಲ್ಲ. 100 ಓಮ್ ದಾಟಿದರೆ ಒಳಗೆ 95 ಮೀರಿದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಅದು ಇನ್ನೂ ಏರುತ್ತದೆ, ಆ ಸರಕು ಬೇಡ. ಲೋಡ್ ಇದ್ದಾಗ ಸೆಕೆಂಡರಿ ಎಷ್ಟಕ್ಕೆ ಇಳಿಯಿತು ಅನ್ನುವುದನ್ನೂ ನೋಡಿ, ಆ ಹೊತ್ತಿನ ಮೇನ್ಸ್ ವೋಲ್ಟೇಜ್ ಜೊತೆಗೇ ಬರೆದುಕೊಂಡು. ಮೇನ್ಸ್ 215 ಇದ್ದಾಗ 14 ತೋರಿಸಿದರೆ ಟ್ರಾನ್ಸ್‌ಫಾರ್ಮರ್‌ನದೇನೂ ತಪ್ಪಿಲ್ಲ.

ಹಳೇ ಯುಪಿಎಸ್‌ನಿಂದ ಬಿಚ್ಚಿದ್ದು ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ತಾಮ್ರ ದಂಡಿಯಾಗಿರುತ್ತದೆ, ಆಸೆ ಹುಟ್ಟುತ್ತದೆ. ಬೇಡ. 12 ವೋಲ್ಟ್ ಬ್ಯಾಟರಿಗೆಂದು ಮಾಡಿದ ಅದರ ಸೆಕೆಂಡರಿ ವೋಲ್ಟೇಜ್ ನಮಗೆ ಸಾಲುವುದಿಲ್ಲ, ಮೇಲಾಗಿ ಹತ್ತು ಹದಿನೈದು ನಿಮಿಷ ಓಡಿದರೆ ಸಾಕು ಎಂದು ಲೆಕ್ಕ ಹಾಕಿ ಸುತ್ತಿರುವುದರಿಂದ ದಿನವಿಡೀ ಓಡಿಸಿದರೆ ಕಾಯುತ್ತದೆ, ಗುರ್ ಅನ್ನುತ್ತದೆ. ಹಳೇ ಟೇಪ್ ಡೆಕ್, ಸ್ಟೀರಿಯೋ ಆಂಪ್ಲಿಫೈಯರ್‌ನದು ಸಿಕ್ಕರೆ ಬೇರೆ ಮಾತು. ಆ ಕಾಲದವರು ತಾಮ್ರದಲ್ಲಿ ಜಿಪುಣತನ ಮಾಡುತ್ತಿರಲಿಲ್ಲ. ವೋಲ್ಟೇಜ್ ಹೊಂದಿದರೆ ಕಣ್ಣು ಮುಚ್ಚಿ ತನ್ನಿ, ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸುವುದು ಮಾತ್ರ ಮರೆಯಬೇಡಿ.

ಪಿಸಿಬಿ ಮೇಲೆ ಕೂರುವ, ಎಪಾಕ್ಸಿ ತುಂಬಿದ ಚೌಕದ ಟ್ರಾನ್ಸ್‌ಫಾರ್ಮರ್ ಅಚ್ಚುಕಟ್ಟು, ಗುಂಯ್ ಅನ್ನುವುದಿಲ್ಲ. ಆದರೆ ಎರಡು 15 ವೋಲ್ಟ್ ಸೆಕೆಂಡರಿಯ 10 ವಿಎಯದು ಕೊಡುವುದು ರೈಲ್‌ಗೆ 200 ಮಿಲಿಆಂಪಿಯರ್ ಡಿಸಿ. ಒಂದೇ ಸ್ವರ ಹಿಡಿದು ನುಡಿಯುವ ಡ್ರೋನ್ ಬಾಕ್ಸ್‌ಗೆ ಸಾಕು, ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಟೊರಾಯ್ಡ್, ಅಂದರೆ ಬಳೆಯಾಕಾರದ ಕೋರ್‌ನದು. ಇದು ಎಲ್ಲರ ಕನಸು, ಬೆಲೆ ಇ-ಐಯ ಎರಡು ಮೂರು ಪಟ್ಟು. ಇಲ್ಲಿನ ಅಂಗಡಿಗಳಲ್ಲಿ ಇಟ್ಟಿರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲು ಹತ್ತಬೇಕು, ಇಲ್ಲವೇ ಆನ್‌ಲೈನ್ ತರಿಸಬೇಕು. ತೆಳ್ಳಗಿರುತ್ತದೆ, ಸೋರುವ ಕ್ಷೇತ್ರ ಕಡಿಮೆ, ಮಾಡ್ಯೂಲ್‌ಗಳಿರುವ ಪೆಟ್ಟಿಗೆಯೊಳಗೇ ಟ್ರಾನ್ಸ್‌ಫಾರ್ಮರ್ ಕೂರಿಸಲೇಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೂರಿಸುವಾಗ ಎರಡು ಕಡೆ ಎಡವುತ್ತಾರೆ. ಮಧ್ಯದ ಬೋಲ್ಟ್‌ನ ಮೇಲ್ತುದಿ ಪೆಟ್ಟಿಗೆಯ ಲೋಹದ ಮುಚ್ಚಳಕ್ಕೆ ತಾಗಿದರೆ ಬೋಲ್ಟ್, ತಳ, ಪಕ್ಕ, ಮುಚ್ಚಳ ಎಲ್ಲ ಸೇರಿ ಕೋರ್ ಒಳಗಿಂದ ಹಾದುಹೋಗುವ ಒಂದು ಪೂರ್ತಿ ಸುತ್ತು ಆಗುತ್ತದೆ. ಶಾರ್ಟ್ ಆದ ಸೆಕೆಂಡರಿಯೇ ಅದು. ಮುಚ್ಚಳ ಹಾಕಿದ ತಕ್ಷಣ ಫ್ಯೂಸ್ ಹೋಗುತ್ತದೆ, ತೆಗೆದರೆ ಸರಿಯಾಗುತ್ತದೆ, ಕಾರಣ ಹೊಳೆಯುವುದೇ ಇಲ್ಲ. ಬೋಲ್ಟ್ ಮೇಲೆ ಕನಿಷ್ಠ ಒಂದು ಸೆಂಟಿಮೀಟರ್ ಗಾಳಿ ಬಿಡಿ.

ಇನ್ನೊಂದು, ಟೊರಾಯ್ಡ್‌ಗಳು ಸೆಂಟರ್ ಟ್ಯಾಪ್ ಇಲ್ಲದೆ ಎರಡು ಬಿಡಿ ಸೆಕೆಂಡರಿಗಳೊಂದಿಗೆ ಬರುವುದೇ ಹೆಚ್ಚು. ಒಂದರ ಕೊನೆಗೆ ಇನ್ನೊಂದರ ಮೊದಲನ್ನು ಸೇರಿಸಬೇಕು. ಸೇರಿಸಿದ ಮೇಲೆ ಹೊರಗಿನ ಎರಡು ತುದಿಗಳ ನಡುವೆ 30 ವೋಲ್ಟ್ ಬಂದರೆ ಸರಿ. ಸೊನ್ನೆ ಬಂದರೆ ಒಂದನ್ನು ತಿರುವಿ ಹಾಕಿ. ರೆಗ್ಯುಲೇಟರ್ ಬೋರ್ಡ್‌ಗೆ ಕೊಡುವ ಮೊದಲೇ ಇದನ್ನು ಅಳೆಯಬೇಕು. ಸ್ವಿಚ್ ಹಾಕಿದ ಕ್ಷಣ ಟೊರಾಯ್ಡ್ ಎಳೆಯುವ ಕರೆಂಟ್ ಬಹಳ ದೊಡ್ಡದು. 60 ವಿಎಗೆ ಓಡುವ ಕರೆಂಟ್ 0.26 ಆಂಪಿಯರ್ ಮಾತ್ರವಾದರೂ ಮಾಮೂಲಿ ಗಾಜಿನ ಫ್ಯೂಸ್ ಆಗಾಗ ಹಾರುತ್ತಿರುತ್ತದೆ. ಸ್ಲೋ ಬ್ಲೋ 630 ಮಿಲಿಆಂಪಿಯರ್ ಹಾಕಿ. ಇ-ಐಗೆ ಸ್ಲೋ ಬ್ಲೋ 500 ಸಾಕು. ಫ್ಯೂಸ್ ಹಾರುತ್ತದೆ ಅಂತ 3 ಆಂಪಿಯರ್‌ನದು ಹಾಕಿ ಕೂತರೆ ಟ್ರಾನ್ಸ್‌ಫಾರ್ಮರೇ ಫ್ಯೂಸ್ ಆಗುತ್ತದೆ.

ನಮ್ಮ ಆಯ್ಕೆ ಮಾತ್ರ ಇವು ಯಾವುದೂ ಅಲ್ಲ. ತುಮಕೂರು ಜಿಲ್ಲೆಯಲ್ಲಿ ಬೋರ್‌ವೆಲ್‌ಗಳಿಗೆ ಲೆಕ್ಕವಿಲ್ಲ, ಹಾಗಾಗಿ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೂ ಬರವಿಲ್ಲ. ಸುತ್ತುವ ಕೈ, ಎನಾಮಲ್ ತಂತಿ, ವಾರ್ನಿಶ್, ಒಣಗಿಸುವ ವ್ಯವಸ್ಥೆ, 500 ವೋಲ್ಟ್ ಮೆಗ್ಗರ್ ಎಲ್ಲ ಅಲ್ಲಿ ಇದ್ದೇ ಇರುತ್ತದೆ. ಸ್ಟೆಬಿಲೈಸರ್ ಮಾಡಿಕೊಡುವವರ ಬಳಿ ಸ್ಟ್ಯಾಂಪಿಂಗ್ (ಕೋರ್‌ನ ತಗಡು), ಬಾಬಿನ್ ಕೂಡ ಇರುತ್ತದೆ. ಹೇಳಿ ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಅಂಗಡಿಯ ಲೇಬಲ್ ಮಾಲಿಗಿಂತ ಎಲ್ಲ ರೀತಿಯಲ್ಲೂ ಮೇಲು. ಆದರೆ ಬಾಯಿಮಾತಿನಲ್ಲಿ 15-0-15 2 ಆಂಪಿಯರ್ ಅಂದು ಬಂದರೆ ಏನು ಬರುತ್ತದೋ ಹೇಳಲಾಗದು. ಚೀಟಿ ಬರೆದು ಕೊಡಿ.

ಚೀಟಿಯ ಮೊದಲ ಸಾಲು: ಪ್ರೈಮರಿ, ಸೆಕೆಂಡರಿ ಸಂಪೂರ್ಣ ಬೇರೆ ಬೇರೆ. ಸ್ಟೆಬಿಲೈಸರ್‌ನವರು ದಿನವೂ ಸುತ್ತುವುದು ಆಟೋ ಟ್ರಾನ್ಸ್‌ಫಾರ್ಮರ್, ಅದರಲ್ಲಿ ಎರಡಕ್ಕೂ ಒಂದೇ ತಂತಿ. ಅಭ್ಯಾಸಬಲದಿಂದ ಹಾಗೆ ಸುತ್ತಿಕೊಟ್ಟರೆ ಸಿಂಥ್‌ನ ಪ್ರತಿ ಜ್ಯಾಕ್‌ನಲ್ಲೂ ಮೇನ್ಸ್ ಇರುತ್ತದೆ, ಮುಟ್ಟಿದವರ ಕಥೆ ಮುಗಿಯಿತು. ಕೈಗೆ ಬಂದ ಕೂಡಲೇ ಪ್ರೈಮರಿಗೂ ಸೆಕೆಂಡರಿಗೂ, ಪ್ರೈಮರಿಗೂ ಕೋರ್‌ಗೂ ಮೆಗ್ಗರ್ ಹಾಕಿಸಿ, ನೂರು ಮೆಗಾಓಮ್‌ಗಿಂತ ಮೇಲೆ ಇರಬೇಕು.

60 ವಿಎಗೆ ನಡುಗಾಲು 32 ಮಿಲಿಮೀಟರ್ ಅಗಲದ ಸ್ಟ್ಯಾಂಪಿಂಗ್, 32 ಮಿಲಿಮೀಟರ್ ದಪ್ಪಕ್ಕೆ ಜೋಡಿಸಿದ್ದು ಸಾಕು. ಕೋರ್‌ನ ನಿವ್ವಳ ಅಡ್ಡಕೊಯ್ತ 9 ಚದರ ಸೆಂಟಿಮೀಟರ್ ಮೀರುತ್ತದೆ. ವೋಲ್ಟ್‌ಗೆ 5 ಸುತ್ತು ಹಾಕಿಸಿ. ಸುತ್ತುವವರು ನಾಲ್ಕು ಸಾಕು ಸಾರ್ ಅನ್ನುತ್ತಾರೆ, ಅವರ ಮಾತು ತಪ್ಪೂ ಅಲ್ಲ, ನಾಲ್ಕಕ್ಕೆ ಫ್ಲಕ್ಸ್ 1.2 ಟೆಸ್ಲಾ ಆಗುತ್ತದೆ, ಆಂಪ್ಲಿಫೈಯರ್‌ಗೆ ನಡೆಯುತ್ತದೆ. ಐದಕ್ಕೆ ಒಂದು ಟೆಸ್ಲಾದೊಳಗೆ ಇರುತ್ತದೆ. ಕೋರ್ ತಣ್ಣಗಿರುತ್ತದೆ, ಸೋರಿಕೆ ಇಳಿಯುತ್ತದೆ. ಸಿಂಥ್‌ಗೆ ಆ ಹೆಚ್ಚಿನ ತಂತಿಯ ಬೆಲೆ ಕೊಡಬಹುದು.

ಪ್ರೈಮರಿಗೆ 28 ಗೇಜ್ ತಂತಿ, 1250 ಸುತ್ತು, 1050 ಮತ್ತು 1150ರಲ್ಲಿ ಟ್ಯಾಪ್. ಇವೇ 210, 230, 250. ಲೈನ್ ಯಾವಾಗಲೂ ಕೆಳಗಿರುವ ಊರಿನಲ್ಲಿ 210ಕ್ಕೆ ಕೊಟ್ಟುಕೊಳ್ಳಬಹುದು. ಹಾಗೆ ಕೊಟ್ಟ ಮೇಲೆ ನಡುರಾತ್ರಿ ಲೈನ್ 250ಕ್ಕೆ ಹಾರಿದರೂ ಫಿಲ್ಟರ್ ಮೇಲೆ ಬರುವುದು 27 ವೋಲ್ಟ್ ಆಸುಪಾಸು, 7812 ಉಳಿಯುತ್ತದೆ. ಬಳಸದ ಟ್ಯಾಪ್‌ಗಳ ತುದಿಗೆ ಸ್ಲೀವ್ ಹಾಕಿ ಬಿಗಿಯಾಗಿ ಮುಚ್ಚಬೇಕು, ಅವುಗಳಲ್ಲೂ ಮೇನ್ಸ್ ಇರುತ್ತದೆ. ಸೆಕೆಂಡರಿ 19 ಗೇಜ್, 83 ಮತ್ತು 83 ಸುತ್ತು. ಲೋಡ್ ಇಲ್ಲದೆ 16.6 ತೋರಿಸಿ, ಲೋಡ್ ಬಂದಾಗ 15ಕ್ಕೆ ಕೂರುತ್ತದೆ. 75 ಸುತ್ತು ಹಾಕಿದರೆ ಲೋಡ್ ಇಲ್ಲದೆ ಕರಾರುವಾಕ್ಕಾಗಿ 15 ಬಂದು, ಲೋಡ್‌ಗೆ 13.5 ಆಗುತ್ತದೆ. ಎಷ್ಟೋ ಜನ ಬೀಳುವ ಹಳ್ಳ ಇದು.

ಪ್ರೈಮರಿಗೂ ಸೆಕೆಂಡರಿಗೂ ನಡುವೆ ಒಂದು ಸುತ್ತು ತೆಳು ತಾಮ್ರದ ಹಾಳೆ ಹಾಕಿಸಿ, ಅದರಿಂದ ಒಂದು ವೈರ್ ಹೊರತೆಗೆದು ಅರ್ತ್‌ಗೆ ಕೊಡಿ. ಹಾಳೆಯ ಎರಡು ತುದಿ ಒಂದರ ಮೇಲೊಂದು ಬರಬೇಕು, ಆದರೆ ಮಧ್ಯೆ ಇನ್ಸುಲೇಷನ್ ಪೇಪರ್ ಇರಲೇಬೇಕು. ಎರಡೂ ತಾಗಿದರೆ ಅದೇ ಶಾರ್ಟ್ ಸುತ್ತು, ಮೊದಲ ದಿನವೇ ಸುಟ್ಟು ಕರಕಲು. ತಮಾಷೆ ಎಂದರೆ ಕೋರ್‌ನ ಹೊರಗೆ, ಇಡೀ ಟ್ರಾನ್ಸ್‌ಫಾರ್ಮರ್‌ಗೆ ಸೊಂಟಪಟ್ಟಿ ಕಟ್ಟಿದ ಹಾಗೆ, ವೈಂಡಿಂಗ್ ಸುತ್ತಿದ ದಿಕ್ಕಿನಲ್ಲೇ ಹಾಕುವ ಇನ್ನೊಂದು ತಾಮ್ರದ ಪಟ್ಟಿ ಇದೆ. ಅದನ್ನು ಮಾತ್ರ ತುದಿ ಸೇರಿಸಿ ಬೆಸೆಯಲೇಬೇಕು. ಸೋರಿದ ಕ್ಷೇತ್ರಕ್ಕೆ ಎದುರಾಗಿ ಅದರಲ್ಲಿ ಕರೆಂಟ್ ಹುಟ್ಟಿದರೇ ಸೋರಿಕೆ ಕಮ್ಮಿಯಾಗುವುದು. ಒಳಗಿನದು ಸೇರಬಾರದು, ಹೊರಗಿನದು ಸೇರಲೇಬೇಕು. ಚೀಟಿಯಲ್ಲಿ ಇದಕ್ಕೆ ಚಿತ್ರವನ್ನೇ ಬರೆದುಕೊಡಿ, ಬಾಯಲ್ಲಿ ಹೇಳಿದರೆ ತಲೆಕೆಳಗಾಗುವುದು ಖಂಡಿತ.

ಕೊನೆಗೆ ವಾರ್ನಿಶ್. ಕೋರ್ ಜೋಡಿಸಿ ಬೋಲ್ಟ್ ಬಿಗಿದ ಮೇಲೆ ಪೂರ್ತಿ ಅದ್ದಿ, ಬಿಸಿಯಲ್ಲಿ ಒಣಗಿಸಬೇಕು. ಬ್ರಷ್‌ನಲ್ಲಿ ಮೇಲೆ ಸವರಿದ್ದು ಲೆಕ್ಕಕ್ಕಿಲ್ಲ, ಒಳಗಿನ ತಗಡುಗಳು ಅಲುಗಾಡಿ ಗುರುಗುಟ್ಟುತ್ತಲೇ ಇರುತ್ತವೆ. ಸಬ್‌ಮರ್ಸಿಬಲ್ ಮೋಟಾರ್‌ಗೆ ಬಳಸುವ ಪ್ಲಾಸ್ಟಿಕ್ ಹೊದಿಕೆಯ ತಂತಿ ಉಳಿದಿದೆ ಅಂತ ಅದನ್ನು ಸುತ್ತಲು ಬಿಡಬೇಡಿ, ಬಾಬಿನ್‌ನಲ್ಲಿ ಹಿಡಿಸುವುದೂ ಇಲ್ಲ. ಮಳೆ ಬಂದು ಮೋಟಾರ್ ಕೆಲಸ ಕಡಿಮೆಯಾದ ಮೇಲೆ ಹೋದರೆ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಸುಟ್ಟ ಮೋಟಾರ್‌ಗಳ ರಾಶಿ ಬಿದ್ದಿರುವಾಗ ನಿಮ್ಮ 60 ವಿಎಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ.

ತಂದದ್ದನ್ನು ಎಲ್ಲಿ ಕೂರಿಸುವುದು ಅನ್ನುವುದಕ್ಕೆ ಹಳೇ ರಿಲೇ ಕಾಯಿಲ್ ಒಂದನ್ನು ಆಂಪ್ಲಿಫೈಯರ್ ಇನ್‌ಪುಟ್‌ಗೆ ಕಟ್ಟಿ ಟ್ರಾನ್ಸ್‌ಫಾರ್ಮರ್ ಸುತ್ತ ಆಡಿಸಿ. ಎಲ್ಲಿ ಗುಂಯ್ ಕಡಿಮೆಯೋ ಆ ಮುಖ ಮಾಡ್ಯೂಲ್‌ಗಳ ಕಡೆಗೆ. ಬೇರೆ ಪೆಟ್ಟಿಗೆಯಲ್ಲಿಟ್ಟು ಒಂದು ಮೀಟರ್ ವೈರ್‌ನಲ್ಲಿ 15-0-15 ತರುವುದು ಇನ್ನೂ ಸುಲಭ. ಗುಂಯ್ ಬಂದಾಗ ಯಾವ ಗುಂಯ್ ಎಂದು ಕಿವಿಯಲ್ಲೇ ಹೇಳಬಹುದು. 50 ಹರ್ಟ್ಸ್ ಅಂದರೆ 88 ಕೀಗಳ ಪಿಯಾನೋ ಕೀಬೋರ್ಡ್‌ನ ಅತಿ ಕೆಳಗಿನ ಜಿ ಸ್ವರಕ್ಕಿಂತ ಕೂದಲೆಳೆ ಮೇಲೆ, 100 ಹರ್ಟ್ಸ್ ಅದರ ಮುಂದಿನ ಸ್ಥಾಯಿಯ ಜಿ. ಕೆಳಗಿನದಾದರೆ ಕಾಂತಕ್ಷೇತ್ರ ಅಥವಾ ಅರ್ತ್ ಲೂಪ್, ಟ್ರಾನ್ಸ್‌ಫಾರ್ಮರ್ ತಿರುಗಿಸಿ ನೋಡಿ. ಮೇಲಿನದಾದರೆ ರಿಪಲ್, ರೆಗ್ಯುಲೇಟರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ.

ಕರೆಂಟ್ ಹೋದಾಗ ಮಾತ್ರ ಗುಂಯ್ ಬರುವುದಾದರೆ ಇನ್ವರ್ಟರ್ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್‌ನ 230 ವೋಲ್ಟ್‌ಗೆ ಪೀಕ್ ಕೂಡ 230ರ ಹತ್ತಿರವೇ, ಸೈನ್ ವೇವ್‌ನ ಹಾಗೆ 325 ಅಲ್ಲ. 15 ವೋಲ್ಟ್ ಸೆಕೆಂಡರಿ ಆಗ 15-16ರಲ್ಲೇ ನಿಂತು ರೆಗ್ಯುಲೇಟರ್‌ಗೆ ಹದಿನಾಲ್ಕೂ ಚಿಲ್ಲರೆ ಸಿಗುತ್ತದೆ, ಇನ್ವರ್ಟರ್ ಬ್ಯಾಟರಿ ಇಳಿದಂತೆ ಅದೂ ಇಲ್ಲ. ಇದಕ್ಕೆ ಟ್ರಾನ್ಸ್‌ಫಾರ್ಮರ್ ಬದಲಿಸುವುದು ಮದ್ದಲ್ಲ, ಪ್ಯೂರ್ ಸೈನ್ ವೇವ್ ಇನ್ವರ್ಟರ್ ಬೇಕು.

ಮೊದಲ ಸಲ ಹಚ್ಚುವಾಗ ಪ್ರೈಮರಿಗೆ ಸರಣಿಯಲ್ಲಿ 60 ವ್ಯಾಟ್‌ನ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಒಂದು ಸಲ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. 7912ರ (ಮೈನಸ್ 12ರ ರೆಗ್ಯುಲೇಟರ್) ಬೆನ್ನಿನ ತಗಡು ಗ್ರೌಂಡ್ ಅಲ್ಲ, ಇನ್‌ಪುಟ್. ಮೈಕಾ ಇಲ್ಲದೆ ಹೀಟ್‌ಸಿಂಕ್‌ಗೆ ಬಿಗಿದಿದ್ದರೆ ಈ ಬಲ್ಬೇ ನಿಮ್ಮ ಹೊಸ ವೈಂಡಿಂಗನ್ನು ಉಳಿಸುವುದು. ಬಲ್ಬ್ ತೆಗೆದು, ಎಲ್ಲ ಮಾಡ್ಯೂಲ್ ಸಿಕ್ಕಿಸಿ, ಸಂಜೆ ಏಳರ ಹೊತ್ತಿಗೆ ರೆಗ್ಯುಲೇಟರ್ ಇನ್‌ಪುಟ್ ಅಳೆಯಿರಿ. ಆಸಿಲೋಸ್ಕೋಪ್ ಬೇಕಿಲ್ಲ. ಮೊದಲು ಡಿಸಿ ರೇಂಜ್‌ನಲ್ಲಿ, ಆಮೇಲೆ ಒಂದು ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸರಣಿಯಲ್ಲಿಟ್ಟು ಎಸಿ ರೇಂಜ್‌ನಲ್ಲಿ. ಎಸಿ ಅಂಕಿಯನ್ನು 1.7ರಿಂದ ಗುಣಿಸಿ ಡಿಸಿಯಿಂದ ಕಳೆದರೆ ಬರುವುದೇ ರಿಪಲ್‌ನ ತಳ. ಡಿಸಿ 17.2, ಎಸಿ 0.4 ಇದ್ದರೆ ತಳ 16.5, ಇನ್ನೂ ಒಂದೆರಡು ಮಾಡ್ಯೂಲ್‌ಗೆ ಜಾಗವಿದೆ. 14.5ಕ್ಕಿಂತ ಕೆಳಗಿದ್ದರೆ ಪ್ಲಗ್ ಕಿತ್ತು ಪ್ರೈಮರಿಯನ್ನು 210ರ ಟ್ಯಾಪ್‌ಗೆ ಬದಲಿಸಿ ಮತ್ತೆ ಅಳೆಯಿರಿ.